ರಾಜಾ ಮಲಗುವ ಗೋಣಿತಟ್ಟು

ಮಸ್ಕಿಯ ಅಕ್ಕನವರಿಗೆ,

ಲಿಂಗಸೂಗೂರಿನಿಂದ ನಿಮ್ಮ ತಮ್ಮನ ಶರಣು.

ಪಂಚಮಿ ಉಂಡಿಗಳೆಲ್ಲ ಖಾಲಿಯಾಗಿ ಮನೆ ಒಂದಿಷ್ಟು ತಣ್ಣಗಾಗಿದೆ. ಈಗ ಕೂತು ಬರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ಮನೆಯವಳಿಗೂ ಓದಿ ಹೇಳಿದೆ. ನಿಮ್ಮ ನಾಯಿ ರಾಜಾ ರಾತ್ರಿಯಿಡೀ ಬಾಲದ ಬುಡ ಕಚ್ಚಿಕೊಂಡು ಕುಂಯ್‌ಗುಡುವುದು, ಪಡಸಾಲೆಯಲ್ಲಿ ಕೂತವರೆಲ್ಲ ಹಿಮ್ಮಡದ ಮೇಲೆ ಕೆರೆದುಕೊಳ್ಳುವುದು, ಒಂದು ತಿಂಗಳಿಂದ ಬೇವಿನೆಣ್ಣೆ ಹಚ್ಚಿದರೂ ಚಿಗಟ ಹೋಗದಿರುವುದು, ಮಗ ರಾಯಚೂರಿನಿಂದ ತಂದ ಗುಳಿಗೆಯನ್ನು ಕೊಡಲೋ ಬೇಡವೋ ಎಂದು ನೀವು ಗೋಡೆಯ ಮಾಡದಲ್ಲಿ ಹಾಗೇ ಇಟ್ಟಿರುವುದು, ಎಲ್ಲ ತಿಳಿಯಿತು. ಎಲ್ಲಕ್ಕೂ ಉತ್ತರ ಬರೆಯುತ್ತೇನೆ. ಆದರೆ ಪತ್ರದ ಕೊನೆಯಲ್ಲಿ ನೀವು ಹಗುರವಾಗಿ ಬರೆದ ಒಂದು ಸಾಲಿನಿಂದಲೇ ಶುರು ಮಾಡಬೇಕು. ಹತ್ತಿಗೆ ಹೊಡೆದು ಉಳಿದ ಎಣ್ಣೆಯನ್ನು ನೀರಿಗೆ ಬೆರೆಸಿ ನಾಯಿಗೆ ಒರೆಸಿಬಿಡೋಣ ಎಂದರಂತಲ್ಲ ನಿಮ್ಮ ಮೈದುನರು, ಆ ಸಾಲು.

ಅವರನ್ನು ಇವತ್ತೇ ತಡೆಯಿರಿ. ಉಳಿದದ್ದನ್ನು ಸಾವಕಾಶ ಓದಿದರೂ ನಡೆಯುತ್ತದೆ.

ಮೈದುನರು ದಡ್ಡರಲ್ಲ, ನನಗೆ ಗೊತ್ತು. ಅವರ ಮಾತಿನಲ್ಲಿ ಅರ್ಧ ಖರೆ ಇದೆ, ಅಪಾಯ ಇರುವುದೂ ಆ ಅರ್ಧದಲ್ಲೇ. ಸಿಂಧನೂರು ಕಡೆ ನೆಲ್ಲಿನ ಕಾಂಡಕೊರಕಕ್ಕೆ ಹಾಕುವ ರೀಜೆಂಟ್ ಎಂಬ ಔಷಧದೊಳಗೆ ಇರುವುದು ಫಿಪ್ರೊನಿಲ್. ನಾಯಿಯ ಬೆನ್ನಿಗೆ ಹನಿಸುವ ಫ್ರಂಟ್‌ಲೈನ್ ಎಂಬ ಪುಟ್ಟ ಕೊಳವೆಯಲ್ಲಿ ಇರುವುದೂ ಫಿಪ್ರೊನಿಲ್ಲೇ. ಹತ್ತಿಯ ರಸ ಹೀರುವ ಹುಳಕ್ಕೆ ಹೊಡೆಯುವ ಕಾನ್ಫಿಡಾರ್‌ನಲ್ಲಿ ಇಮಿಡಾಕ್ಲೋಪ್ರಿಡ್ ಇದೆ. ನಾಯಿಗೆ ಹಾಕುವ ಇನ್ನು ಕೆಲವು ಹನಿಮದ್ದುಗಳಲ್ಲೂ ಅದೇ ಇದೆ. ಡಬ್ಬಿಯ ಮೇಲಿನ ಹೆಸರು ಓದಬಲ್ಲ ಯಾವ ರೈತನಿಗಾದರೂ ಅನ್ನಿಸುತ್ತದೆ: ಸಾಮಾನು ಅದೇ ಅಂದಮೇಲೆ ಬೆರಳುದ್ದದ ಕೊಳವೆಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು, ಗುಡಿಸಲ ಮೂಲೆಯಲ್ಲಿ ಬಾಟಲಿಯೇ ಬಿದ್ದಿದೆಯಲ್ಲ?

ವ್ಯತ್ಯಾಸ ಇರುವುದು ಅದನ್ನು ಯಾವುದರಲ್ಲಿ ಕಲಸಿದ್ದಾರೆ, ಎಷ್ಟು ಕಲಸಿದ್ದಾರೆ ಎಂಬುದರಲ್ಲಿ. ನಾಯಿಯ ಹನಿಮದ್ದು ಚರ್ಮದ ಮೇಲಿನ ಜಿಡ್ಡಿನ ಜೊತೆ ಹರಡಿಕೊಂಡು, ಕೂದಲ ಬುಡದ ಎಣ್ಣೆಗ್ರಂಥಿಗಳಲ್ಲಿ ಸೇರಿ ಕೂರುತ್ತದೆ. ಅಲ್ಲಿಂದ ತಿಂಗಳೊಪ್ಪತ್ತು ಚೂರುಚೂರೇ ಹೊರಬರುತ್ತದೆ. ರಕ್ತಕ್ಕೆ ಇಳಿಯುವುದು ಅತಿ ಕಡಿಮೆ. ನಾಯಿಯ ತೂಕಕ್ಕೆ ತಕ್ಕಂತೆ ಅಳೆದು ತುಂಬಿರುತ್ತಾರೆ. ಹೊಲದ ಎಣ್ಣೆಯಲ್ಲಿರುವ ದ್ರಾವಕಗಳು ಎಲೆಗೆ ಅಂಟಲಿ, ನೀರಲ್ಲಿ ಬೆರೆಯಲಿ ಎಂದು ಸೇರಿಸಿದವು. ನಾಯಿಯ ಚರ್ಮದ ಮೇಲೆ ಅವು ಏನು ಮಾಡುತ್ತವೆ ಎಂದು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಮೇಲಾಗಿ ನಾಯಿ ಮೈಯನ್ನು ನೆಕ್ಕುತ್ತದೆ, ಅಂದರೆ ಒರೆಸಿದ್ದು ಹೊಟ್ಟೆಗೂ ಹೋಯಿತು. ಇದು ಫಿಪ್ರೊನಿಲ್ ಮಾತು. ಗುಡಿಸಲ ಮೂಲೆಯಲ್ಲಿರುವುದು ಕ್ಲೋರ್‌ಪೈರಿಫಾಸೋ ಮೊನೊಕ್ರೊಟೊಫಾಸೋ ಆಗಿದ್ದರೆ ಮುಗಿದೇಹೋಯಿತು. ಬಾಯಲ್ಲಿ ಜೊಲ್ಲು, ಭೇದಿ, ಮೈ ನಡುಕ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಆಮೇಲೆ ಉಸಿರು ಕಟ್ಟುವುದು.

ನಿಮ್ಮ ಓಣಿಯಲ್ಲಿ ಯಾರಾದರೂ ಈಗಾಗಲೇ ಹೀಗೆ ಒರೆಸಿದ್ದರೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೋಪುನೀರಲ್ಲಿ ನಾಯಿಯನ್ನು ಚೆನ್ನಾಗಿ ತೊಳೆಯಲು ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಆ ಬಾಟಲಿಯನ್ನೇ ಕೈಯಲ್ಲಿ ಹಿಡಿದು ಪಶು ಆಸ್ಪತ್ರೆಗೆ ಓಡಬೇಕು. ಕ್ಲೋರ್‌ಪೈರಿಫಾಸ್ ಜಾತಿಯ ವಿಷವಾದರೆ ಅಟ್ರೋಪಿನ್ ಎಂಬ ಸೂಜಿ ಇದೆ, ಹೊತ್ತಿಗೆ ಸಿಕ್ಕರೆ ಪ್ರಾಣಿ ಉಳಿಯುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಡಾಕ್ಟರರಿಗೂ ಕತ್ತಲಲ್ಲಿ ತಡಕಿದಂತೆ. 1962ಕ್ಕೆ ಫೋನ್ ಮಾಡಿದರೆ ಪಶು ಸಂಚಾರಿ ವಾಹನದ ಸಹಾಯ ಕೇಳಬಹುದು. ಆದರೆ ಇಂಥ ಹೊತ್ತಿನಲ್ಲಿ ಗಾಡಿಯ ದಾರಿ ಕಾಯುತ್ತ ಕೂರುವುದಕ್ಕಿಂತ ಬೈಕಿನಲ್ಲೇ ಹಾಕಿಕೊಂಡು ಹೋಗುವುದು ಲೇಸು.

ಸೀಮೆಎಣ್ಣೆ, ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಎಣ್ಣೆ, ಫಿನಾಯಿಲ್, ತಂಬಾಕು ನೆನೆಸಿದ ನೀರು, ಇವನ್ನೂ ಇದೇ ಸಾಲಿಗೆ ಸೇರಿಸಿ. ತಂಬಾಕು ಗಿಡದ್ದೇ ಅಲ್ಲವಾ ಎನ್ನುವವರು ಇದ್ದಾರೆ. ಅದರಲ್ಲಿರುವ ನಿಕೋಟಿನ್ನನ್ನೇ ಹಿಂದಿನ ಕಾಲದಲ್ಲಿ ಹುಳದ ವಿಷವಾಗಿ ಬಳಸುತ್ತಿದ್ದರು. ನಾಯಿಗೂ ಅದು ವಿಷವೇ.

ಈಗ ನಿಮ್ಮ ಬೇವಿನೆಣ್ಣೆಯ ವಿಚಾರ.

ನೀವು ಹಚ್ಚಿದ್ದು ತಪ್ಪೇನೂ ಆಗಿಲ್ಲ. ಹಚ್ಚಿದ ಜಾಗ ಮಾತ್ರ ಸಾಲಲಿಲ್ಲ. ರಾಜಾನ ಮೈಮೇಲೆ ನಿಮಗೆ ಕಾಣುವ ಚಿಗಟಗಳು ಒಟ್ಟು ಸಂಸಾರದಲ್ಲಿ ನೂರಕ್ಕೆ ಐದರ ಹತ್ತಿರ. ಉಳಿದ ತೊಂಬತ್ತೈದು ಪಾಲು ಮೊಟ್ಟೆ, ಮರಿಹುಳ, ಗೂಡುಗಳ ರೂಪದಲ್ಲಿ ಅವನು ಮಲಗುವ ಗೋಣಿತಟ್ಟಿನಲ್ಲಿ, ಪಡಸಾಲೆಯ ಪರಸಿಕಲ್ಲಿನ ಸಂದಿಯಲ್ಲಿ, ಕಟ್ಟೆ ಕೆಳಗಿನ ಮಣ್ಣಲ್ಲಿ, ಬಣವೆಯ ಬುಡದಲ್ಲಿ ಇವೆ. ಹೆಣ್ಣು ಚಿಗಟ ನಾಯಿಯ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರು ಮಾಡುತ್ತದೆ, ಭರಾಟೆಯಲ್ಲಿದ್ದಾಗ ದಿನಕ್ಕೆ ನಲವತ್ತು ಐವತ್ತು. ಹೇನಿನ ಸೀರು ಕೂದಲಿಗೆ ಅಂಟಿಕೊಳ್ಳುತ್ತದೆ. ಚಿಗಟದ ಮೊಟ್ಟೆಗೆ ಆ ಅಂಟಿಲ್ಲ. ಅರ್ಧ ಮಿಲಿಮೀಟರಿನ ಆ ಬಿಳಿ ಚೂರು ನಾಯಿ ಎದ್ದು ಮೈ ಕೊಡವಿದಲ್ಲೆಲ್ಲ ಉದುರುತ್ತದೆ. ಅದರಿಂದ ಬರುವ ಮರಿಹುಳಕ್ಕೆ ಬೆಳಕು ಆಗದು. ಕತ್ತಲ ಸಂದಿ ಹುಡುಕಿ ಹೋಗಿ, ನಾಯಿಯ ಮೈಯಿಂದ ಉದುರಿದ ದೊಡ್ಡ ಚಿಗಟಗಳ ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಆ ಹಿಕ್ಕೆ ಎಂದರೆ ಒಣಗಿದ ರಕ್ತವೇ. ಆಮೇಲೆ ರೇಷ್ಮೆಯಂಥ ಒಂದು ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನ ಹೊರಗೆ ಧೂಳು ಮೆತ್ತಿಕೊಂಡು ಅದೂ ಒಂದು ಕಸದ ಚೂರಿನಂತೆ ಆಗುತ್ತದೆ.

ಈ ಗೂಡಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು ಅಕ್ಕಾರ. ಚಿಗಟದ ಔಷಧಗಳ ಮೇಲೆ ಜನ ನಂಬಿಕೆ ಕಳೆದುಕೊಳ್ಳುವುದು ಇದರಿಂದಲೇ. ಗೂಡಿನೊಳಗಿನ ಚಿಗಟ ಹೊರಗೆ ಉಣ್ಣಲು ಏನೂ ಇಲ್ಲದಿದ್ದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಬಿಟ್ಟ ಉಸಿರು ಇವು ಹತ್ತಿರ ಬಂದವೆಂದರೆ ಕ್ಷಣದಲ್ಲಿ ಗೂಡು ಸೀಳಿ ಹಾರುತ್ತದೆ. ಬೀಗ ಹಾಕಿದ ಮನೆಗೆ ಜಾತ್ರೆ ಮುಗಿಸಿ ಬಂದವರ ಕಾಲಿಗೆ ಬಾಗಿಲಲ್ಲೇ ಚಿಗಟ ಮುತ್ತುವುದು ಇದಕ್ಕೇ. ಯಾವ ಮದ್ದೂ ಈ ಗೂಡಿನೊಳಗೆ ಸುಲಭಕ್ಕೆ ಇಳಿಯುವುದಿಲ್ಲ. ನಾಯಿಗೆ ಒಳ್ಳೆಯ ಔಷಧ ಹಾಕಿದ ಎರಡನೇ ವಾರದಲ್ಲಿ ಮತ್ತೆ ನಾಲ್ಕು ಚಿಗಟ ಕಂಡವು ಎಂದರೆ ಔಷಧ ಕೈಕೊಟ್ಟಿತು ಎಂದಲ್ಲ. ಅವು ಹಳೆಯ ಗೂಡಿನಿಂದ ಎದ್ದು ಬಂದ ಹೊಸಬರು. ಅವು ನಾಯಿಯ ಮೈಯೇರಿ ಸಾಯಬೇಕು, ಮೊಟ್ಟೆ ಇಡುವಷ್ಟರಲ್ಲಿ ಸಾಯಬೇಕು. ಹೀಗೆ ಗೂಡುಗಳೆಲ್ಲ ಬರಿದಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ಸಲ ಹಾಕಿ ಬಿಟ್ಟವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬೇಸಿಗೆಯಲ್ಲಿ ಇಲ್ಲದ್ದು ಈಗ ಯಾಕೆ ಹೀಗೆ ಹೆಚ್ಚಿತು ಎಂದು ಕೇಳಿದ್ದೀರಿ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲನ್ನು ಬೈಯದವರಿಲ್ಲ, ಈ ಒಂದು ವಿಷಯದಲ್ಲಿ ಮಾತ್ರ ಅದು ನಮ್ಮ ಕಡೆಗಿದೆ. ಚಿಗಟದ ಮರಿಹುಳಕ್ಕೆ ಇಪ್ಪತ್ತರಿಂದ ಮೂವತ್ತು ಡಿಗ್ರಿ ಶಾಖ, ಜೊತೆಗೆ ಒಳ್ಳೆಯ ತೇವ ಬೇಕು. ಮೂವತ್ತೈದು ದಾಟಿ, ಗಾಳಿಯೂ ಒಣಗಿತು ಎಂದರೆ ಒಣಗಿ ಸಾಯುತ್ತದೆ. ನಲವತ್ತು ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ಬಯಲಲ್ಲಿ ಒಂದೂ ಉಳಿಯುವುದಿಲ್ಲ. ನೆರಳಲ್ಲಿ, ನೀರಿನ ತೊಟ್ಟಿಯ ಪಕ್ಕ, ದನ ಕಟ್ಟುವ ಕಡೆ ಮಾತ್ರ ಬೀಜ ಉಳಿದಿರುತ್ತದೆ. ಮಳೆ ಬಿದ್ದು, ಎಡದಂಡೆ ಕಾಲುವೆಗೆ ನೀರು ಬಿಟ್ಟು, ಸುತ್ತಲ ಗದ್ದೆಗಳಲ್ಲಿ ನೀರು ನಿಂತು ಗಾಳಿ ತೇವವಾಯಿತೋ, ಆ ಬೀಜ ಚಿಗುರುತ್ತದೆ.

ಇನ್ನು ಕೆಲಸ. ಮೊದಲು ಅವು ಚಿಗಟವೇ ಹೌದೋ ನೋಡಿಕೊಳ್ಳಿ. ತಲೆಯ ಹೇನಿಗೆ ಬಳಸುವ ಸೀರಣಿಗೆ ಇದ್ದೇ ಇರುತ್ತದೆ, ಅದನ್ನು ರಾಜಾನ ಬಾಲದ ಬುಡದಿಂದ ಬೆನ್ನ ಕಡೆಗೆ ಎರಡು ಸಲ ಎಳೆಯಿರಿ. ಹಲ್ಲುಗಳ ನಡುವೆ ಸಿಕ್ಕ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಕೊಡವಿ ಒಂದು ನಿಮಿಷ ಬಿಡಿ. ಬರೀ ಮಣ್ಣಾಗಿದ್ದರೆ ಮಣ್ಣಾಗಿಯೇ ಇರುತ್ತದೆ. ಚುಕ್ಕಿಯ ಸುತ್ತ ಕೆಂಪು ಕಂದು ಬಣ್ಣ ಬಿಟ್ಟುಕೊಂಡರೆ ಅದು ಜೀರ್ಣವಾದ ರಕ್ತ, ಚಿಗಟದ ಹಿಕ್ಕೆ. ಮೈದುನರಿಗೂ ಇದನ್ನು ತೋರಿಸಿ. ಕಣ್ಣಾರೆ ಕಂಡ ಮೇಲೆ ಮನುಷ್ಯ ಮಾತು ಕೇಳುತ್ತಾನೆ.

ಗೋಣಿತಟ್ಟನ್ನು ಸುಟ್ಟುಬಿಡಿ, ಅದರ ಮೇಲೆ ಪ್ರೀತಿ ಬೇಡ. ಬದಲಿಗೆ ಹಳೆಯ ಸೀರೆಯೋ ಹಚ್ಚಡವೋ ಹಾಕಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಗೆಯಲು ಬರುವಂಥದ್ದು. ಬಿಸಿಲು ಬಿದ್ದ ದಿನ ಮಾಳಿಗೆಯ ಮೇಲೆ ಹರವಿ. ಪಡಸಾಲೆಯ ಪರಸಿ ಸಂದಿಗಳನ್ನು ಕಸಬರಿಗೆಯ ತುದಿಯಿಂದ ಕೆದರಿ ಗುಡಿಸಿ, ಕಸವನ್ನು ತಿಪ್ಪೆಗೆ ಹಾಕದೆ ಒಲೆಗೆ ಹಾಕಿ. ಸಂದಿಗಳಿಗೆ ಕುದಿನೀರು ಸುರಿದರೆ ಮತ್ತೂ ಒಳ್ಳೆಯದು, ಕಲ್ಲಿನ ನೆಲಕ್ಕೆ ಏನೂ ಆಗುವುದಿಲ್ಲ. ಆಗುವುದಾದರೆ ಆ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿಬಿಡಿ, ಎಷ್ಟೋ ಔಷಧಕ್ಕಿಂತ ಅಗ್ಗ. ರಾತ್ರಿ ಅಗಲ ತಟ್ಟೆಯಲ್ಲಿ ನೀರು ಹಾಕಿ, ಪಾತ್ರೆ ತೊಳೆಯುವ ಸೋಪು ಎರಡು ಹನಿ ಬಿಟ್ಟು, ಅದರ ಮೇಲೆ ಗೇಣೆತ್ತರದಲ್ಲಿ ಹಳೆಯ ಕಾಲದ ಹಳದಿ ಬಲ್ಬು ಉರಿಸಿಡಿ. ಬಿಸಿಗೆ ಹಾರಿ ಬಂದವು ತಟ್ಟೆಗೆ ಬೀಳುತ್ತವೆ. ಸೋಪಿಲ್ಲದ ನೀರಿನ ಮೇಲೆ ಅವು ತೇಲುತ್ತವೆ, ಸೋಪಿದ್ದರೆ ಮುಳುಗುತ್ತವೆ. ಇದರಿಂದ ಮನೆಯ ಚಿಗಟ ಮುಗಿಯುತ್ತದೆ ಎಂದು ತಿಳಿಯಬೇಡಿ. ವಾರವಾರ ತಟ್ಟೆಯಲ್ಲಿ ಬೀಳುವುದು ಕಡಿಮೆಯಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆಯ ಸುತ್ತ ದಪ್ಪನೆಯ ನೊರೆಯ ಪಟ್ಟಿ ಕಟ್ಟಿ, ಆಮೇಲೆ ಮೈಗೆ ನೀರು ಹಾಕಿ. ಇಲ್ಲವಾದರೆ ನೀರು ಬಿದ್ದ ಕೂಡಲೇ ಅಷ್ಟೂ ಚಿಗಟಗಳು ಕಿವಿಗೂ ಮುಖಕ್ಕೂ ಓಡುತ್ತವೆ. ನಾಯಿಯ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಟ್ಟೆ ಸೋಪು ಬೇಡ, ಮೊದಲೇ ಕೆಂಪಾದ ಚರ್ಮ ಉರಿಯುತ್ತದೆ.

ಗಿಡಮೂಲಿಕೆಯ ವಿಚಾರಕ್ಕೆ ಬಂದರೆ ನಿಮ್ಮೂರಿನವರ ಜೊತೆ ವಾದಕ್ಕೆ ನಿಲ್ಲುವುದು ಕಷ್ಟ. ನಿಮ್ಮ ಗುಡ್ಡದ ಬಂಡೆಯ ಮೇಲೆ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನದಿಂದಲ್ಲವೇ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು? ಆ ದೊರೆ ಗಿರ್ನಾರದಲ್ಲೂ, ನಮಗೆ ಅಷ್ಟೇನೂ ದೂರವಲ್ಲದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಕೆತ್ತಿಸಿದ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೆ ಒಂದು, ಪಶುಗಳಿಗೆ ಒಂದು ಎಂದು ಎರಡು ಬಗೆಯ ಚಿಕಿತ್ಸೆಯ ಮಾತಿದೆ. ಇಬ್ಬರಿಗೂ ಬೇಕಾದ ಮೂಲಿಕೆಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆ ಎಂದೂ ಇದೆ. ಎರಡು ಬಗೆ ಎಂದು ಬೇರೆಬೇರೆಯಾಗಿ ಎಣಿಸಿದ್ದು ನನಗೆ ಇಷ್ಟ. ಮನುಷ್ಯನಿಗೆ ಆದದ್ದು ಪ್ರಾಣಿಗೆ ಆಗಬೇಕೆಂದಿಲ್ಲ, ಹಸುವಿಗೆ ಆದದ್ದು ನಾಯಿಗೂ ಆಗಬೇಕೆಂದಿಲ್ಲ.

ಬೇವು ಒಳ್ಳೆಯದು. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳಗಳ ಬೆಳವಣಿಗೆಯನ್ನು ಕೆಡಿಸುತ್ತದೆ, ಕಹಿ ವಾಸನೆ ಕೆಲ ಹೊತ್ತು ಚಿಗಟವನ್ನು ದೂರ ಇಡುತ್ತದೆ. ಆದರೆ ತುಂಬಿದ ಮನೆಯನ್ನು ಖಾಲಿ ಮಾಡಿಸುವ ಶಕ್ತಿ ಅದಕ್ಕಿಲ್ಲ. ಎಲೆ ಕುದಿಸಿದ ನೀರು ತಣ್ಣಗಾದ ಮೇಲೆ ಮೈಗೆ ಸುರಿದರೆ ತುರಿಕೆಗೆ ಹಿತ. ಒಣಗಿದ ಎಲೆಯನ್ನು ಹಾಸಿಗೆಯ ಕೆಳಗೆ ಹಾಕಿ, ಜೋಳದ ಹಗೇವಿಗೆ ಹಾಕುತ್ತಿದ್ದ ಹಾಗೆ. ಅಪ್ಪಟ ಎಣ್ಣೆಯನ್ನು ಮಾತ್ರ ಇನ್ನು ಹಚ್ಚಬೇಡಿ, ನೆಕ್ಕಿದರೆ ವಾಂತಿ. ಕೊಬ್ಬರಿಎಣ್ಣೆಯಲ್ಲಿ ಕೆಲವೇ ಹನಿ ಬೆರೆಸಿ ಗಾಯವಿಲ್ಲದ ಕಡೆ ಸವರಿದರೆ ಸಾಕು.

ಪಕ್ಕದ ಮನೆಯವರು ಬಜೆ, ಬೇವು, ಅರಿಶಿನ, ತುಳಸಿ, ಲಂಟಾನ, ಬೆಳ್ಳುಳ್ಳಿ ಅರೆದ ಮದ್ದು ಹೇಳಿದರು ಎಂದಿರಿ. ಅದು ಸುಮ್ಮನೆ ಹುಟ್ಟಿದ ಮಾತಲ್ಲ. ದನದ ಮೈಯ ಉಣ್ಣೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೈತರಿಗೆ ಹೇಳಿಕೊಡುವ ಮನೆಮದ್ದು ಅದು. ನಿಮ್ಮ ಎಮ್ಮೆಗೆ ಧಾರಾಳ ಹಚ್ಚಿ. ರಾಜಾನಿಗೆ ಬೇಡ, ಬೆಳ್ಳುಳ್ಳಿ ನಾಯಿಯ ಹೊಟ್ಟೆಗೆ ಹೋದರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಚಿಗಟ ಮೊದಲೇ ರಕ್ತ ಹೀರಿದೆ. ಸೀತಾಫಲದ ಬೀಜದ ಪುಡಿ ಚಿಗಟ, ಹೇನು ಎರಡನ್ನೂ ಕೊಲ್ಲುತ್ತದೆ. ಆದರೆ ಆ ಪುಡಿಯ ಕಣ ಕಣ್ಣಿಗೆ ಬಿದ್ದರೆ ಪಾಪೆಯ ಮೇಲಿನ ಪೊರೆ ಹುಣ್ಣಾಗುತ್ತದೆ. ಹಚ್ಚಿದ ಮೈಯನ್ನು ಮೊಮ್ಮಗ ತಬ್ಬಿಕೊಂಡು ಕಣ್ಣುಜ್ಜಿಕೊಂಡರೆ? ಕರ್ಪೂರದ ಎಣ್ಣೆಯೂ ಬೇಡ.

ಮಾಡದಲ್ಲಿಟ್ಟ ಗುಳಿಗೆಯನ್ನು ಇಳಿಸಿ. ನೀವು ಬರೆದ ಹೆಸರು ನೋಡಿದರೆ ಅದು ಅಫೊಕ್ಸೊಲನರ್, ತಿಂಗಳಿಗೊಂದು ಕೊಡುವಂಥದ್ದು. ಅದೇ ಜಾತಿಯ ಫ್ಲುರಲನರ್ ಹನ್ನೆರಡು ವಾರ ಕೆಲಸ ಮಾಡುತ್ತದೆ. ನಾಯಿಯ ರಕ್ತದಲ್ಲಿ ಸೇರಿ, ಕಚ್ಚಿದ ಚಿಗಟವನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ, ಉಣ್ಣೆಯನ್ನೂ ಬಿಡುವುದಿಲ್ಲ. ಸ್ನಾನ ಮಾಡಿಸಿದರೆ ತೊಳೆದುಹೋಗುವ ಭಯವಿಲ್ಲ, ಮಕ್ಕಳ ಕೈಗೆ ಅಂಟುವುದಿಲ್ಲ. ನಿಮ್ಮ ಹೆದರಿಕೆ ಪೂರಾ ಸುಳ್ಳೂ ಅಲ್ಲ. ಈ ಜಾತಿಯ ಔಷಧಗಳಿಂದ ಕೆಲವು ನಾಯಿಗಳಿಗೆ ನಡುಕ, ಮೂರ್ಛೆ ಬಂದದ್ದುಂಟು ಎಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು ಎಚ್ಚರಿಕೆ ಕೊಟ್ಟರು, ಔಷಧ ಬಳಕೆಯಲ್ಲೇ ಉಳಿಯಿತು. ರಾಜಾನಿಗೆ ಮೊದಲು ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರರಿಗೆ ಹೇಳದೆ ಕೊಡಬೇಡಿ. ಇಲ್ಲದಿದ್ದರೆ ಪೊಟ್ಟಣದ ಮೇಲಿನ ತೂಕ ನೋಡಿ, ಊಟದ ಜೊತೆ ಕೊಡಿ. ದೊಡ್ಡ ನಾಯಿಯ ಗುಳಿಗೆ ತಂದು ಎರಡು ನಾಯಿಗೆ ಮುರಿದು ಹಂಚುವ ಜಾಣತನ ಬೇಡ. ಎರಡು ತಿಂಗಳು ತುಂಬದ ಮರಿಗಳಿದ್ದರೆ ಗುಳಿಗೆಯೂ ಇಲ್ಲ, ಹನಿಮದ್ದೂ ಇಲ್ಲ, ಸೀರಣಿಗೆಯೇ ಗತಿ. ಮರಿಯ ವಸಡು ಬಿಳಿಚಿಕೊಂಡಿದ್ದರೆ ಮಾತ್ರ ಅದೇ ದಿನ ಆಸ್ಪತ್ರೆಗೆ, ಚಿಗಟಗಳು ಸಣ್ಣ ಮರಿಯನ್ನು ರಕ್ತ ಹೀರಿಯೇ ಕೊಲ್ಲಬಲ್ಲವು.

ಔಷಧದ ಅಂಗಡಿಯಲ್ಲಿ ಇನ್ನೆರಡು ಸಾಮಾನು ನಿಮ್ಮ ಕೈಗೆ ಬರಬಹುದು. ಒಂದು ಅಮಿಟ್ರಾಜ್, ದನದ ಉಣ್ಣೆಗೆ ಹಾಕುವುದು. ಉಣ್ಣೆಗೂ ಕಜ್ಜಿಯ ನುಸಿಗೂ ಅದು ಸರಿ, ಚಿಗಟದ ಮುಂದೆ ಅದರ ಆಟ ನಡೆಯದು. ಇನ್ನೊಂದು ಐವರ್‌ಮೆಕ್ಟಿನ್ ಸೂಜಿ. ಎಲ್ಲದಕ್ಕೂ ಅದನ್ನೇ ಚುಚ್ಚುವ ರೂಢಿ ನಮ್ಮ ಕಡೆ ಬೆಳೆದಿದೆ, ಚಿಗಟಕ್ಕೆ ಅದೂ ಸರಿಯಾದ ಮದ್ದಲ್ಲ. ದುಡ್ಡೂ ಹೋಗಿ ತುರಿಕೆಯೂ ಉಳಿಯುವುದು ಹೆಚ್ಚಾಗಿ ಇವೆರಡರಿಂದ.

ಅತ್ತೆಯವರು ಹಳೆಯ ಪ್ಲೇಗಿನ ಕಥೆ ಹೇಳಿ ಹೆದರಿಸಿದ್ದಾರೆ ಎಂದು ಬರೆದಿದ್ದೀರಿ. ಅವರ ಕಥೆ ನಿಜವೇ. ಬೆಂಗಳೂರಿಗೆ ಪ್ಲೇಗ್ ಬಂದ 1898ರಲ್ಲೇ ಸಿಮೊಂದ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಅದನ್ನು ಹರಡುವುದು ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದ. ಅದು ಇಲಿಯ ಚಿಗಟ, ರಾಜಾನ ಮೈಮೇಲಿರುವುದು ಬೇರೆ ಜಾತಿ. ನೀವು ನೋಡಬೇಕಾದದ್ದು ಬೇರೆ: ರಾಜಾನ ಬಾಲದ ಕೆಳಗೆ, ಅವನು ಕೂತೆದ್ದ ಜಾಗದಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕುಗಳು ಕಾಣುತ್ತವೆಯೇ? ಕಂಡರೆ ಅದು ಲಾಡಿಹುಳ. ಅದರ ಮೊಟ್ಟೆಯನ್ನು ಚಿಗಟದ ಮರಿ ತಿಂದಿರುತ್ತದೆ, ಕಚ್ಚಿಕೊಳ್ಳುವಾಗ ಆ ಚಿಗಟವನ್ನು ನಾಯಿ ನುಂಗಿರುತ್ತದೆ. ಅಂಬೆಗಾಲಿಡುವ ಮೊಮ್ಮಗನ ಬಾಯಿಗೂ ಚಿಗಟ ಹೋಗಬಹುದು. ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೇಳಿ ತನ್ನಿ. ಚಿಗಟ ಉಳಿಸಿಕೊಂಡು ಹುಳದ ಗುಳಿಗೆ ಮಾತ್ರ ಕೊಡುತ್ತ ಹೋದರೆ ತಿಂಗಳಿಗೊಮ್ಮೆ ಅದನ್ನೇ ಕೊಡುತ್ತಿರಬೇಕಾಗುತ್ತದೆ.

ಕೊನೆಗೆ ನಿಮ್ಮ ಬೆಕ್ಕಿನ ಮಾತು. ಅದೂ ಅದೇ ಪಡಸಾಲೆಯಲ್ಲಿ ಮಲಗುವುದರಿಂದ ಅದಕ್ಕೂ ಮದ್ದು ಬೇಕು, ಆದರೆ ಬೆಕ್ಕಿಗೆಂದೇ ಮಾಡಿದ್ದು. ನಾಯಿಯ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿನ ಮೈಗೆ ಅದನ್ನು ಹಾಕಿದರೆ ನಡುಗಿ ಸಾಯುತ್ತದೆ. ರಾಜಾನನ್ನು ಗೊಬ್ಬರದ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಮಾಡಿಸಿ, ಬೆಕ್ಕನ್ನು ಚೀಲದಲ್ಲಿ ಹಾಕಿ ಅದರದ್ದೂ ನೋಡಿ. ಎರಡೂ ತೂಕ ಬರೆದು ಕಳಿಸಿದರೆ, ಮುಂದಿನ ಸೋಮವಾರ ಇಲ್ಲಿಯ ಪಶು ಆಸ್ಪತ್ರೆಯಲ್ಲಿ ಕೇಳಿ ಬೆಕ್ಕಿನ ಮದ್ದನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ಮೈದುನರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳಿ.

ಇತಿ ನಿಮ್ಮ ತಮ್ಮ